ಒಂಟಿ ಒಬ್ಬಟ್ಟು

ಅಕ್ಕನ ದನಿ ಕೇಳಿದ್ದು ಮೊದಲು, ಮುಖ ನೋಡಿದ್ದು ಆಮೇಲೆ. ಆಗ ನಾನು ಪಿಯುಸಿ ಮುಗಿಸಿ ಹಳೇಬೀಡಿನ ಮನೆಯಲ್ಲಿ ಕೂತಿದ್ದೆ. ಅರಸೀಕೆರೆಯಲ್ಲಿದ್ದ ಸೋದರತ್ತೆಗೆ ಏನೋ ಸುದ್ದಿ ಮುಟ್ಟಿಸಬೇಕೆಂದು ಅಪ್ಪ ಅಂಚೆ ಕಚೇರಿಯಿಂದ ಟ್ರಂಕ್ ಕಾಲ್ ಹಾಕಿಸಿ, ಅರ್ಧ ಊರಿಗೆ ಕೇಳುವಂತೆ ಕೂಗುತ್ತಿದ್ದರು. ನಡುವೆ ಒಂದು ಹೆಣ್ಣುದನಿ ತೂರಿಬಂತು. "ಯಜಮಾನ್ರೇ, ಇಷ್ಟು ಜೋರಾಗಿ ಕೂಗೋದಾದ್ರೆ ಫೋನ್ ಯಾಕ್ ಬೇಕಿತ್ತು? ಹಂಗೇ ಕೇಳ್ಸೋದಲ್ಲ!" ಪಕ್ಕದಲ್ಲಿ ನಿಂತಿದ್ದ ನನಗೂ ಅದು ಸ್ಪಷ್ಟವಾಗಿ ಕೇಳಿಸಿ ನಗು ಬಂತು. ಅಪ್ಪ ಮನೆ ಮುಟ್ಟುವವರೆಗೂ ಆ ಹೆಂಗಸಿಗೆ ಬಯ್ಯುತ್ತಲೇ ಇದ್ದರು.

ಮರುವರ್ಷ ನನಗೆ ಅರಸೀಕೆರೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲೇ ಆಪರೇಟರ್ ಕೆಲಸ ಸಿಕ್ಕಿತು. ಮೊದಲ ದಿನ ಒಳಗೆ ಕಾಲಿಟ್ಟಾಗ ಅದೇ ದನಿ ಯಾರಿಗೋ "ಲೈನ್ ಬಂದಿದೆ, ಮಾತಾಡಿ" ಅನ್ನುತ್ತಿತ್ತು. ಆ ದನಿಗೆ ನಾನು ಮನಸ್ಸಿನಲ್ಲೇ ಎತ್ತರದ ಮೈಕಟ್ಟು, ದಪ್ಪ ಕನ್ನಡಕ, ಗಂಟುಮುಖ ಎಲ್ಲ ಜೋಡಿಸಿಟ್ಟುಕೊಂಡಿದ್ದೆ. ನೋಡಿದರೆ ಗುಂಡಗಿನ ಒಬ್ಬ ಕುಳ್ಳಿ. ಕರೆ ಜೋಡಿಸುವ ಬೋರ್ಡಿನ ಮುಂದಿನ ಎತ್ತರದ ಕುರ್ಚಿಯಲ್ಲಿ ಕೂತರೆ ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಹಳೆಯ ಡೈರೆಕ್ಟರಿಗಳನ್ನು ಪೇರಿಸಿ ಅವುಗಳ ಮೇಲೆ ಪಾದ ಊರಿಕೊಂಡಿದ್ದರು. ಅಪ್ಪನ ಕಥೆ ಹೇಳಿದೆ. "ಅಯ್ಯೋ, ಅವ್ರು ನಿಮ್ಮಪ್ಪನಾ? ಕ್ಷಮಿಸ್ಬೇಕು ಅಂತ ಹೇಳು. ಆದ್ರೆ ಕೂಗಿದ್ದಂತೂ ಕೂಗಿದ್ರು" ಎಂದು ಹೇಳಿ ಕೈಗೊಂದು ಕೊಬ್ಬರಿ ಚೂರು, ಒಂದು ಬೆಲ್ಲದ ಉಂಡೆ ಇಟ್ಟರು.

ಅವರ ಹೆಸರು ಬರೆಯುವುದಿಲ್ಲ, ಮನೆಯವರು ಇನ್ನೂ ಅಲ್ಲೇ ಇದ್ದಾರೆ. ಆಫೀಸಿನಲ್ಲಿ ನಮಗೆಲ್ಲ ಅವರು ಅಕ್ಕ. ಅವರಿಗಿಂತ ಹತ್ತು ವರ್ಷ ಹಿರಿಯರಾದ ಲೈನ್ ಇನ್ಸ್‌ಪೆಕ್ಟರಿಗೂ ಅಕ್ಕ. ಅವರಿಗೆ ಒಬ್ಬಳು ಮಗಳು. ಗಂಡನಿಗೆ ಕೊಬ್ಬರಿ ಮಂಡಿ ಇತ್ತು. ಮನೆಯ ಅಟ್ಟದಿಂದ ಹಿಡಿದು ಮಂಚದ ಕೆಳಗಿನವರೆಗೆ ಕೊಬ್ಬರಿ. ಸೀರೆಗೂ ಅದೇ ವಾಸನೆ. ಸಾರಿನ ಒಂದು ತೊಟ್ಟು ನಾಲಗೆಗೆ ತಾಗಿಸಿದರೆ ಸಾಕು, ಕಾಯಿ ಬಲಿತದ್ದೋ ಎಳೆಯದೋ, ಒಡೆದು ಎಷ್ಟು ಹೊತ್ತಾಯಿತು ಎಂಬುದನ್ನೆಲ್ಲ ಹೇಳಿಬಿಡುತ್ತಿದ್ದರು. ನಾನು ಬಾಡಿಗೆ ಮನೆಯಲ್ಲಿ ಬೇಯಿಸಿಕೊಂಡು ತರುತ್ತಿದ್ದ ಸಾರಿಗಂತೂ ಅವರ ಹತ್ತಿರ ಒಂದೇ ತೀರ್ಪು: "ಇದಕ್ಕೆ ಕಾಯಿ ತೋರ್ಸಿದ್ದೀಯ ಅಷ್ಟೇ, ಹಾಕಿಲ್ಲ."

ನಾಲ್ಕು ಅಂತಸ್ತಿನ ಕ್ಯಾರಿಯರ್ ತರುತ್ತಿದ್ದರು. ಅದು ಅವರೊಬ್ಬರ ಊಟವಾಗಿರಲಿಲ್ಲ. ಡ್ಯೂಟಿಯಲ್ಲಿದ್ದವರ ಡಬ್ಬಿಗೆಲ್ಲ ಅದರಿಂದ ಪಾಲು ಹೋಗುತ್ತಿತ್ತು. ಬೇಡ ಅಂದರೆ, "ತಿನ್ನೇ, ನಿಮ್ಮಪ್ಪನ ಮನೆ ಗಂಟೇನು ಹೋಗಲ್ಲ" ಎಂಬ ಗದರಿಕೆ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆಯನ್ನು ದಿನಕ್ಕೊಂದು ಸಲವಾದರೂ ಹೇಳುತ್ತಿದ್ದರು. ಎರಡನ್ನೂ ಬಲ್ಲೆ ಎಂಬ ಸಣ್ಣ ಜಂಬವೂ ಇತ್ತು. ಆ ಜಂಬ ಅವರಿಗೆ ಒಪ್ಪುತ್ತಿತ್ತು. ಈಗ ನೆನೆದರೆ ನನ್ನ ಇಪ್ಪತ್ತರ ಹರೆಯದ ಮಧ್ಯಾಹ್ನಗಳೆಲ್ಲ ಆ ಕ್ಯಾರಿಯರಿನ ಮುಚ್ಚಳ ತೆಗೆದ ಸದ್ದು, ಬೋರ್ಡಿನಲ್ಲಿ ಮಿಣುಕುವ ದೀಪಗಳು, ಜಂಕ್ಷನ್ನಿನಲ್ಲಿ ಇಂಜಿನ್ ಬದಲಿಸುವ ರೈಲಿನ ಕೂಗು ಇಷ್ಟರಲ್ಲೇ ತುಂಬಿಹೋಗಿವೆ. ಅಷ್ಟು ಸುಖವಾಗಿದ್ದೆ ಎಂದು ಆಗ ಗೊತ್ತಿರಲಿಲ್ಲ.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಜನರೇ ನೇರವಾಗಿ ನಂಬರ್ ಒತ್ತಿ ಮಾತಾಡತೊಡಗಿದರು. ಬೋರ್ಡು ಹೋಯಿತು. ನಮ್ಮಿಬ್ಬರನ್ನೂ ಫೋನ್ ಕೆಟ್ಟಿದೆ ಎಂಬ ದೂರು ಬರೆದುಕೊಳ್ಳುವ ಕೌಂಟರಿನಲ್ಲಿ ಕೂರಿಸಿದರು. ಆ ವರ್ಷವೇ ಅಕ್ಕನಿಗೆ ಹೊಟ್ಟೆ ಉಬ್ಬರ ಶುರುವಾಯಿತು. ನಮ್ಮ ಕಡೆ ಹೊಟ್ಟೆಗೆ ಸಂಬಂಧಪಟ್ಟ ಎಲ್ಲದಕ್ಕೂ ಇರುವುದು ಒಂದೇ ಹೆಸರು, ಗ್ಯಾಸ್ಟ್ರಿಕ್. ಆಫೀಸಿನಲ್ಲಿ ಎಲ್ಲರೂ ಡಾಕ್ಟರಾದೆವು. ಒಬ್ಬರು ಓಮಿನಕಾಳು ತಂದರು, ಇನ್ನೊಬ್ಬರು ಜೀರಿಗೆ ಕಷಾಯ. ಲೈನ್ ಇನ್ಸ್‌ಪೆಕ್ಟರು ಸೋಡಾಕ್ಕೆ ನಿಂಬೆಹಣ್ಣು ಹಿಂಡಿಕೊಟ್ಟರು. "ಎಲ್ಲಾ ಗ್ಯಾಸು ಕಣಮ್ಮ, ತಿನ್ನೋದು ಕಮ್ಮಿ ಮಾಡು ಅಂತ ನೀನಾದ್ರೂ ಹೇಳು" ಎಂದು ಅವರ ಯಜಮಾನರು ನನ್ನ ಹತ್ತಿರ ಹೇಳಿದರು. ನಾನೂ ಹೇಳಿದೆ. ಆರು ತಿಂಗಳು ಹೀಗೇ ಹೋಯಿತು. ಸೆರಗಿನ ಕೆಳಗೆ ಹೊಟ್ಟೆ ಎದ್ದು ಕಾಣತೊಡಗಿದ ಮೇಲೆ ಹಾಸನದಲ್ಲಿ ಸ್ಕ್ಯಾನ್ ಮಾಡಿಸಿದರು. ಅಲ್ಲಿಂದ ಬೆಂಗಳೂರು. ಅಂಡಾಶಯದ ಕ್ಯಾನ್ಸರ್. ಆಪರೇಷನ್ ಆಯಿತು, ಕಿಮೋ ಆಯಿತು, ಉದ್ದ ಜಡೆ ಹೋಗಿ ಆಮೇಲೆ ಗುಂಗುರು ಗುಂಗುರಾಗಿ ಕೂದಲು ಬಂತು. "ಮದುವೇಲಿ ಹಿಂಗಿದ್ದಿದ್ರೆ ಇವ್ರು ಇನ್ನೂ ಸ್ವಲ್ಪ ಮಾತಾಡ್ಸ್ತಿದ್ರೇನೋ" ಎಂದು ಕನ್ನಡಿ ನೋಡಿಕೊಂಡು ನಗುತ್ತಿದ್ದರು.

ಎರಡು ವರ್ಷ ಚೆನ್ನಾಗಿದ್ದರು. ಚೆನ್ನಾಗಿದ್ದರು ಅಂದರೆ ನೋಡುವವರಿಗೆ. ಒಂದು ತೇಗು ಬಂದರೆ ನಮಗೆ ಅದು ಬರೀ ತೇಗು. ಅಕ್ಕ ಮಾತ್ರ ಮಾತು ನಿಲ್ಲಿಸಿ, ಎಲ್ಲಿಂದಲೋ ಬರುವ ಕರೆಗೆ ಕಿವಿಗೊಟ್ಟವರ ಹಾಗೆ ಒಂದು ಗಳಿಗೆ ಸುಮ್ಮನಾಗುತ್ತಿದ್ದರು.

ಒಂದು ಮಧ್ಯಾಹ್ನ ಅವರು ಊಟದ ಅರ್ಧದಲ್ಲೇ ಕ್ಯಾರಿಯರಿನ ಮುಚ್ಚಳ ಮುಚ್ಚಿದರು. ಅದನ್ನು ಹಿಂದೆಂದೂ ನಾನು ಕಂಡಿರಲಿಲ್ಲ.

"ಎರಡು ತುತ್ತಿಗೇ ಹೊಟ್ಟೆ ತುಂಬ್ದಂಗಾಗುತ್ತೆ ಕಣೇ. ಒಂದು ವಾರ ಆಯ್ತು" ಅಂದರು.

"ಗ್ಯಾಸ್ ಇರ್ಬೇಕಕ್ಕಾ" ಎಂದುಬಿಟ್ಟೆ. ಬಾಯಿಗೆ ಅದೇ ರೂಢಿ.

ಅವರು ನನ್ನ ಮುಖ ನೋಡಿದರು. ಸಿಟ್ಟಿರಲಿಲ್ಲ. "ಗ್ಯಾಸ್ ಅನ್ಬೇಡ. ಹೋದ್ಸಲಾನೂ ಎಲ್ರೂ ಅದನ್ನೇ ಅಂದಿದ್ದು."

ಮರುದಿನದ ರೈಲಿಗೆ ಗಂಡ ಹೆಂಡತಿ ಬೆಂಗಳೂರಿಗೆ ಹೋದರು. ರೋಗ ಮರಳಿ ಬಂದಿತ್ತು. ಈ ಸಲ ಡಾಕ್ಟರು ವಾಸಿ ಎಂಬ ಮಾತು ಆಡಲಿಲ್ಲವಂತೆ, ಹತೋಟಿ ಎಂದರಂತೆ. ಮೂರು ವಾರಕ್ಕೊಮ್ಮೆ ಕಿಮೋ. ವಾಪಸು ಬಂದವರು ನನ್ನ ಹತ್ತಿರ ಹೇಳಿದ್ದು ಇಷ್ಟೇ: "ವೇದ ಸುಳ್ಳಾದ್ರೂ ಗಾದೆ ಸುಳ್ಳಾಗಲ್ಲ ಅಂತಾರಲ್ಲ. ನನ್ನ ಹೊಟ್ಟೆ ಆ ಊಟದ ಗಾದೇನೇ ಸುಳ್ಳು ಮಾಡ್ತು ನೋಡು."

ಆಮೇಲಿನ ಅಕ್ಕನನ್ನು ನೆನೆದಾಗ ನನಗೆ ಎರಡು ಸಂಗತಿ ತಪ್ಪದೆ ನೆನಪಾಗುತ್ತವೆ. ಒಂದು, ಚಿಂತೆಗೆ ಅವರು ಕಂಡುಕೊಂಡ ಮದ್ದು. ಟ್ರಂಕ್ ಕಾಲಿಗೆ ಮೂರು ನಿಮಿಷದ ಲೆಕ್ಕವಿತ್ತು. ಮೂರು ನಿಮಿಷವಾದ ಕೂಡಲೆ ಆಪರೇಟರು ನಡುವೆ ಬಾಯಿ ಹಾಕಿ "ತ್ರೀ ಮಿನಿಟ್ಸ್ ಓವರ್" ಅನ್ನಬೇಕು. ಅಕ್ಕ ಆ ಕಾನೂನನ್ನು ಚಿಂತೆಗೂ ಹಾಕಿದರು. ದಿನಕ್ಕೆ ಒಂದು ಸಲ, ಕೌಂಟರಿನಲ್ಲಿ ಜನವಿಲ್ಲದಾಗ, "ಈಗ ನನ್ನ ಕಾಲ್" ಎಂದು ಶುರುಮಾಡುತ್ತಿದ್ದರು. ಕರುಳು ಗುಡುಗುಟ್ಟಿದ್ದು, ಬೆಳಗ್ಗೆ ವಾಂತಿಯಾದದ್ದು, ರಕ್ತಪರೀಕ್ಷೆಯ ಅಂಕಿ ಏರಿದ್ದು, ಸತ್ತರೆ ಮಗಳ ಗತಿ ಏನು ಎಂಬುದು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳುತ್ತಿದ್ದರು. ನಾನು ಸಮಾಧಾನ ಹೇಳಬಾರದು, ಉಪದೇಶ ಮಾಡಬಾರದು, ಯಾರದೋ ಅತ್ತಿಗೆಗೆ ಹೀಗೇ ಆಗಿ ವಾಸಿಯಾಯಿತು ಎಂಬ ಕಥೆಯನ್ನಂತೂ ಎತ್ತಲೇಬಾರದು. ಗೋಡೆಯ ಗಡಿಯಾರ ನೋಡಿ ಮೂರು ನಿಮಿಷಕ್ಕೆ "ಓವರ್" ಅನ್ನಬೇಕು ಅಷ್ಟೇ. ಅಂದ ತಕ್ಷಣ ಮೂಗು ಒರೆಸಿಕೊಂಡು ದೂರಿನ ಪುಸ್ತಕ ಎಳೆದುಕೊಳ್ಳುತ್ತಿದ್ದರು. ಒಂದೊಂದು ದಿನ ನಾನೇ ಗಡಿಯಾರ ಕಾಣದವಳಂತೆ ಐದು ನಿಮಿಷ ಬಿಟ್ಟದ್ದಿದೆ. ಅವರಿಗೆ ಗೊತ್ತಾಗುತ್ತಿತ್ತು. "ಬಿಟ್ಟಿ ಕಾಲ್ ಕೊಡ್ತೀಯೇನೇ? ಮೆಮೋ ಬರುತ್ತೆ ನಿಂಗೆ" ಎಂದು ರೇಗಿಸುತ್ತಿದ್ದರು.

ಇನ್ನೊಂದು, ಊಟ. ಗಡ್ಡೆಗಳು ಕರುಳನ್ನು ಅಲ್ಲಲ್ಲಿ ಅಮುಕುತ್ತಿದ್ದವಂತೆ. ಹಾಗಾಗಿ ನಾರಿನ ಪದಾರ್ಥ ತಿನ್ನುವಂತಿಲ್ಲ. ಸೊಪ್ಪು ಬೇಡ, ಕಾಳು ಬೇಡ, ರಾಗಿ ಮುದ್ದೆ ಬೇಡ, ಎಲ್ಲಕ್ಕಿಂತ ಮುಖ್ಯವಾಗಿ ತೆಂಗಿನಕಾಯಿ ಬೇಡ. "ಅರಸೀಕೆರೆಯೋಳು ಅಂತ ಅವ್ರಿಗೆ ಹೇಳ್ಬಾರ್ದಿತ್ತು ಕಣೇ, ಬೇಕೂಂತ್ಲೇ ಬರ್ದವ್ರೆ" ಎಂದು ಚೀಟಿ ತೋರಿಸಿದರು. ಮಂಚದ ಕೆಳಗೆ ಕೊಬ್ಬರಿ, ಮಂಚದ ಮೇಲೆ ಮೆತ್ತನ್ನ ತಿಳಿಸಾರು. ನಾಲ್ಕು ಅಂತಸ್ತಿನ ಕ್ಯಾರಿಯರ್ ಅಟ್ಟ ಸೇರಿ ಅಂಗೈಯಗಲದ ಸ್ಟೀಲ್ ಡಬ್ಬಿ ಬಂತು. ಎರಡು ಗಂಟೆಗೊಮ್ಮೆ ನಾಲ್ಕು ಚಮಚ, ನುಣ್ಣಗೆ ಅಗಿದು ನುಂಗುವುದು. ಆಮೇಲೆ ಬಿಸಿನೀರಿನ ಫ್ಲಾಸ್ಕ್ ಹಿಡಿದು ಎಕ್ಸ್‌ಚೇಂಜಿನ ಅಂಗಳದಲ್ಲಿ ಹತ್ತು ಸುತ್ತು. ಮಲಬದ್ಧತೆಯ ವಿಷಯದಲ್ಲಿ ಸಂಕೋಚವೆಲ್ಲ ಹೋಗಿತ್ತು. ಬೆಳಗ್ಗೆ ಬರುತ್ತಲೇ ಬಾಗಿಲಲ್ಲಿ ನಿಂತು, ಮಗಳು ಪಾಸಾದಷ್ಟು ಸಂತೋಷದಿಂದ "ಇವತ್ತು ಆಯ್ತು ಕಣೇ!" ಎಂದು ಸಾರುತ್ತಿದ್ದರು. ಏನಾಯಿತೆಂದು ತಿಳಿಯದ ಲೈನ್ ಇನ್ಸ್‌ಪೆಕ್ಟರು ಒಂದು ದಿನ ಕೈಮುಗಿದು "ಬಾಳ ಒಳ್ಳೇದಾಯ್ತಕ್ಕ" ಎಂದರು. ಆವತ್ತು ನಾವಿಬ್ಬರೂ ನಕ್ಕ ನಗು ಹಿಂದೆ ಬೋರ್ಡಿದ್ದ ದಿನಗಳ ನಗುವೇ. ನಕ್ಕು ಹೊಟ್ಟೆ ನೋವು ಬಂದು, ಅದು ಯಾವ ನೋವೋ ಎಂದು ಅಕ್ಕ ಮತ್ತೆ ಹೆದರಿದರು.

ನಾಲ್ಕು ಸುತ್ತು ಕಿಮೋ ಆದ ಮೇಲೆ ಹೊಟ್ಟೆ ಸ್ವಲ್ಪ ಇಳಿಯಿತು. ಗೌರಿ ಹಬ್ಬ ಬಂತು. ನಾನು ಊರಿಗೆ ಹೊರಟಿದ್ದೆ. "ನಾನೂ ಬತ್ತೀನಿ. ದೇಶದೇಶದೋರು ಬಂದು ನೋಡ್ತಾರೆ, ಮದುವೆಯಾಗಿ ಇಪ್ಪತ್ತು ವರ್ಷದಿಂದ ಇಲ್ಲೇ ಇದ್ದೀನಿ, ಒಂದಿನಾನೂ ಹಳೇಬೀಡು ನೋಡಿಲ್ಲ" ಎಂದು ಹಟ ಹಿಡಿದರು. ಜಾವಗಲ್ಲಿನ ಮೇಲೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂರಿಸಿ, ಮಡಿಲಿಗೊಂದು ಪ್ಲಾಸ್ಟಿಕ್ ಕವರ್ ಕೊಟ್ಟು ಕರೆದುಕೊಂಡು ಹೋದೆ. ಕವರ್ ಬೇಕಾಗಲಿಲ್ಲ. ದೇವಸ್ಥಾನದಲ್ಲಿ ಅವರು ಸಾಲು ಸಾಲು ಆನೆಗಳನ್ನು ನೋಡಲಿಲ್ಲ, ಗೋಡೆಯ ಶಿಲ್ಪಗಳನ್ನೂ ನೋಡಲಿಲ್ಲ. ದೊಡ್ಡ ಗಣಪತಿಯ ಮುಂದೆ ಕೂತುಬಿಟ್ಟರು. "ತಿಂದು ಹೊಟ್ಟೆ ಒಡ್ಕೊಂಡೋನು ಹಾವು ಬಿಗ್ದುಕೊಂಡು ದೇವ್ರಾಗವ್ನೆ. ತಿನ್ನದೇನೇ ಹೊಟ್ಟೆ ಊದಿಸ್ಕೊಂಡಿರೋ ನಾನು ಏನಾಗ್ಬೇಕೇ?" ಎಂದು ಕೇಳಿದರು. ಪಕ್ಕದಲ್ಲಿದ್ದ ಯಾರೋ ಮುಖ ತಿರುಗಿಸಿ ನೋಡಿದರು.

ಮನೆಯಲ್ಲಿ ಅಮ್ಮ ಕಾಯಿ ಒಬ್ಬಟ್ಟು ಮಾಡಿದ್ದಳು. ಅಕ್ಕನ ಪಥ್ಯದ ವಿಷಯ ಹೇಳಿ, ಬೇರೆಯಾಗಿ ಮೆತ್ತಗೆ ಅನ್ನ, ತಿಳಿಸಾರು ಮಾಡಿಸಿದ್ದೆ. ಎಲೆ ಹಾಕಿದೆವು. ತುಪ್ಪದಲ್ಲಿ ಬೆಂದ ಒಬ್ಬಟ್ಟಿನ ವಾಸನೆಗೆ ಅಕ್ಕ ಕಣ್ಣು ಮುಚ್ಚಿಕೊಂಡರು. ಆಮೇಲೆ, "ಒಂದು ಹಾಕಮ್ಮಾ. ಏನಾಗುತ್ತೋ ನೋಡೇಬಿಡ್ತೀನಿ" ಅಂದರು. ಒಂದನ್ನು ತಿಂದದ್ದು ಅವರ ಇಷ್ಟ. ಚೂರು ಚೂರು ಮಾಡಿ, ಕಾಲು ಗಂಟೆ ಅಗಿದು ತಿಂದರು. "ಈ ಕಾಯಿ ನಿನ್ನೆ ಕೆಡವಿದ್ದು" ಎಂದು ತೀರ್ಪು ಕೊಟ್ಟರು. ಅದು ನಿಜವೂ ಆಗಿತ್ತು.

ಅಮ್ಮ ಎರಡನೆಯದನ್ನು ಹಿಡಿದು ಬಂದಳು. ಅಕ್ಕ ಎಲೆಗೆ ಅಡ್ಡಲಾಗಿ ಕೈ ಹಿಡಿದರು.

"ಹಂಗಂದ್ರೆ ಹೆಂಗವ್ವ? ಒಂದೇ ಹಾಕಿದ್ರೆ ಒಂಟಿ ಆಯ್ತದೆ. ಹಬ್ಬದ ದಿನ ಮುತ್ತೈದೆ ಎಲೆಗೆ ಯಾರಾನ ಒಂಟಿ ಬಡಿಸ್ತಾರಾ?" ಎಂದಳು ಅಮ್ಮ.

"ಬೇಡಮ್ಮ, ಹೊಟ್ಟೆ ಕೇಳಲ್ಲ."

ಅಮ್ಮ ನನ್ನ ಮುಖ ನೋಡಿದಳು. ಒಂಟಿ ಬಡಿಸಬಾರದು ಎಂಬುದು ನನಗೂ ಎದೆಹಾಲಿನ ಜೊತೆ ಬಂದ ಮಾತು. ಕಾಯಿಲೆಯವಳ ಎಲೆಗೆ ಒಂಟಿ ಬಿದ್ದರೆ ಏನು ಗ್ರಹಚಾರವೋ ಎಂಬ ಭಯ ಬೇರೆ. ಡಾಕ್ಟರ ಚೀಟಿಯನ್ನು ನಾನೇ ಎರಡು ಸಲ ಓದಿದವಳು. ಆದರೂ ಅಕ್ಕನ ಕೈಯನ್ನು ಪಕ್ಕಕ್ಕೆ ಸರಿಸಿ, "ಹಾಕಿಸ್ಕೊಳ್ಳಿ ಅಕ್ಕಾ, ಒಂದರಲ್ಲಿ ಆಗದ್ದು ಎರಡರಲ್ಲಿ ಏನಾಗುತ್ತೆ" ಎಂದು ಅಮ್ಮನ ಕೈಯಿಂದ ತೆಗೆದು ನಾನೇ ಬಡಿಸಿದೆ. ಅಕ್ಕ ಜೀವನವಿಡೀ ಹಾಗೆ ನಮಗೆಲ್ಲ ಬಲವಂತ ಮಾಡಿದವರು. ಎಲೆಗೆ ಬಿದ್ದದ್ದನ್ನು ಬಿಡುವುದು ಅವರಿಗೆ ಗೊತ್ತಿರಲಿಲ್ಲ. ತಿಂದರು.

ಮೂರನೆಯ ದಿನ ಅವರ ಯಜಮಾನರು ಆಫೀಸಿಗೆ ಫೋನ್ ಮಾಡಿದರು. "ಹಾಸನದಾಗೆ ಅಡ್ಮಿಟ್ ಮಾಡಿವ್ನಿ ಕಣಮ್ಮ. ಕರುಳು ಕಟ್ಕಂಡೈತಂತೆ. ಮೂಗಿಗೆ ಪೈಪ್ ಹಾಕವ್ರೆ." ಅವರಿಗೆ ಒಬ್ಬಟ್ಟಿನ ವಿಷಯ ಗೊತ್ತಿರಲಿಲ್ಲ. ನಾನೂ ಬಾಯಿಬಿಡಲಿಲ್ಲ.

ಆಸ್ಪತ್ರೆಗೆ ಹೋದೆ. ವಾರ್ಡಿನ ಬಾಗಿಲಲ್ಲೇ ನಿಂತೆ. ಮೂಗಿನ ಪೈಪಿನಿಂದ ಹಸಿರು ನೀರು ಬಾಟಲಿಗೆ ಇಳಿಯುತ್ತಿತ್ತು. ಅಕ್ಕ ಕಣ್ಣು ಮುಚ್ಚಿ ಮಲಗಿದ್ದರು. ಅವರು ನೋಡುವ ಮೊದಲೇ ವಾಪಸು ಬಸ್ ಹತ್ತಿದೆ. ಇದು ನಾಚಿಕೆಗೇಡಿನ ಮಾತು, ಆದರೂ ಬರೆಯಲೇಬೇಕು. ಆಮೇಲೆ ಒಂದು ತಿಂಗಳು ನಾನು ಅವರ ಮನೆಯ ದಾರಿಯಲ್ಲಿ ನಡೆಯಲಿಲ್ಲ. ಪೈಪು ತೆಗೆದರು, ಮನೆಗೆ ಬಂದರು ಎಂದು ಅವರಿವರಿಂದ ಕೇಳಿ ತಿಳಿದೆ. ಮನೆಯಲ್ಲಿ ಕಾಯಿ ಒಡೆಯುವುದನ್ನೇ ಬಿಟ್ಟೆ.

ಒಂದು ಭಾನುವಾರ ಮಧ್ಯಾಹ್ನ ಮನೆ ಮುಂದೆ ಆಟೋ ನಿಂತಿತು. ಅಕ್ಕ ಗೋಡೆ ಹಿಡಿದು ಒಳಗೆ ಬಂದರು. ಅರ್ಧದಷ್ಟಾಗಿದ್ದರು. ನಾನು ಆಗಷ್ಟೇ ಊಟಕ್ಕೆ ಕೂತಿದ್ದೆ. ತಟ್ಟೆ ಪಕ್ಕಕ್ಕೆ ತಳ್ಳಿ, ಚಾಪೆ ಹಾಸಿ, ಬಿಸಿನೀರು ತಂದುಕೊಟ್ಟೆ. ಅವರು ನೀರು ಕುಡಿದು ಲೋಟ ಕೆಳಗಿಟ್ಟು ನನ್ನ ತಟ್ಟೆಯತ್ತ ನೋಡಿದರು. ಆಮೇಲೆ ಕೇಳಿದರು:

"ಮನೆಗೆ ಬಂದೋರ್ಗೆ ಊಟಕ್ಕೇಳಿ ಅನ್ನಲ್ವೇನೇ?"

ನನಗೆ ಅಳು ಒತ್ತಿಕೊಂಡು ಬಂತು. "ನನ್ನ ಕೈಯಾರೆ ನಿಮ್ಮನ್ನ ಆಸ್ಪತ್ರೆಗೆ ಹಾಕ್ದೆನಲ್ಲಕ್ಕಾ" ಎಂದೆ.

"ಡಾಕ್ಟ್ರು ಹೇಳಿದ್ರು, ಇವತ್ತಲ್ಲ ನಾಳೆ ಆಗೋದೇ ಇತ್ತು ಅಂತ. ನಿಜ ಹೇಳಿದ್ರೋ, ಸಮಾಧಾನಕ್ಕೆ ಹೇಳಿದ್ರೋ. ಆ ಮಾತು ಬಿಡು, ನಾನು ಅದಕ್ಕೆ ಬಂದಿಲ್ಲ." ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡರು. "ಈಗ ನಮ್ಮನೇಲಿ ಯಾರೂ ನಂಗೆ ಇನ್ನೊಂಚೂರು ಹಾಕ್ಸ್ಕೊ ಅನ್ನಲ್ಲ ಕಣೇ. ತಟ್ಟೆ ತಂದು ಮುಂದೆ ಇಡ್ತಾರೆ, ದೂರ ಕೂತ್ಕೊಂಡು ನೋಡ್ತಾರೆ. ಇವರು, ಮಗಳು, ಎಲ್ರೂ. ಸತ್ತೋರ್ಗೆ ಎಡೆ ಇಟ್ಟು ಕೂರ್ತಾರಲ್ಲ, ಹಂಗೆ. ಎಡೆಗೆ ಯಾರಾದ್ರೂ ಇನ್ನೊಂದು ಹಾಕ್ಲಾ ಅಂತ ಕೇಳ್ತಾರಾ? ಬದುಕಿರೋವಾಗ್ಲೇ ನಂಗೆ ಎಡೆ ಇಡ್ತಾವ್ರೆ. ನೀನೂ ಹಂಗೇ ಮಾಡಿದ್ರೆ ನಾನು ಎಲ್ಲಿಗ್ ಹೋಗ್ಲಿ?"

ನಾನು ಅನ್ನದ ಪಾತ್ರೆ ತರಲು ಎದ್ದೆ.

"ನೀನು ಹಾಕ್ತೀನಿ ಅನ್ನು. ನಾನು ಬೇಡ ಅಂತೀನಿ. ಬೇಡ ಅನ್ನೋ ಅಷ್ಟಾದ್ರೂ ಯಜಮಾನ್ತಿಕೆ ನನ್ನ ಹತ್ರ ಇರ್ಲಿ. ಆದ್ರೆ ಒಂದ್ಸಲ ಬೇಡ ಅಂದ್ಮೇಲೆ ಬೇಡ."

ಅನ್ನವನ್ನು ನೀರು ಹಾಕಿ ಮತ್ತೆ ಬೇಯಿಸಿ, ಮಸೆದು, ಸಾರಿನ ತಿಳಿ ಹಾಕಿ ಕೊಟ್ಟೆ. ಮೂರು ಚಮಚ ತಿಂದರು. "ಇನ್ನೊಂಚೂರು ಹಾಕಿಸ್ಕೊಳ್ಳಿ" ಎಂದೆ, ದನಿ ಸರಿಯಾಗಿ ಬರಲಿಲ್ಲ. "ಜೋರಾಗ್ ಹೇಳೇ, ನಿಮ್ಮಪ್ಪನ ಮಗಳು ಅಲ್ವಾ ನೀನು?" ಎಂದರು. ಜೋರಾಗಿ ಹೇಳಿದೆ. "ಬೇಡ" ಎಂದರು, ತೃಪ್ತಿಯಿಂದ.

ಆಮೇಲೆ ಏಳೆಂಟು ತಿಂಗಳು ಇದ್ದರು. ವಾರಕ್ಕೆ ಮೂರು ದಿನವಾದರೂ ಹೋಗುತ್ತಿದ್ದೆ. ಗಂಜಿಯಾಗಲಿ, ಸೋಸಿದ ಹಣ್ಣಿನ ರಸವಾಗಲಿ, ಕೊನೆಕೊನೆಗೆ ಬರೀ ಎಳನೀರಾಗಲಿ, ನಾನು ಹಾಕಲೇ ಎಂದು ಕೇಳುವುದು, ಅವರು ಬೇಡ ಅನ್ನುವುದು. ಅವರ ಯಜಮಾನರಿಗೆ ಮೊದಮೊದಲು ಇದು ಹುಚ್ಚಾಟವೆನಿಸಿತು. "ತಿನ್ನಕ್ಕಾಗ್ದೋಳಿಗೆ ಯಾಕಮ್ಮ ಹಿಂಸೆ?" ಎಂದು ನನ್ನನ್ನು ಗದರಿದರು. ಒಂದು ದಿನ ನಾನು ಹೋದಾಗ ಆ ಮಾತು ಕಡಿಮೆಯ ಮನುಷ್ಯ ಬಟ್ಟಲು ಹಿಡಿದು ಮಂಚದ ಪಕ್ಕ ಕೂತು, "ಇನ್ನೊಂದ್ ಗುಟುಕು ಕುಡಿಯೇ, ನಿಮ್ಮಪ್ಪನ ಮನೆ ಗಂಟೇನು ಹೋಗಲ್ಲ" ಅನ್ನುತ್ತಿದ್ದರು. ಅಕ್ಕ ಗಂಡನಿಗೆ ಬೇಡ ಎಂದು ಹೇಳಿ, ಬಾಗಿಲಲ್ಲಿದ್ದ ನನ್ನನ್ನು ನೋಡಿ ಕಣ್ಣು ಮಿಟುಕಿಸಿದರು.

ನಾನು ಕೊನೆಯದಾಗಿ ನೋಡಿದ ದಿನ ಅವರಿಗೆ ನೀರೂ ಇಳಿಯುತ್ತಿರಲಿಲ್ಲ. ಹತ್ತಿಯಿಂದ ತುಟಿ ಒದ್ದೆ ಮಾಡಿ, ಬಗ್ಗಿ ಕಿವಿಯ ಹತ್ತಿರ ಕೇಳಿದೆ. ಬಹಳ ಹೊತ್ತು ತೆಗೆದುಕೊಂಡು, "ಬೇಡ ಕಣೇ" ಅಂದರು. ಅದು ಅರಸೀಕೆರೆ ಎಕ್ಸ್‌ಚೇಂಜಿನ ಆಪರೇಟರ್ ದನಿಯೇ, ಒಂದಿಷ್ಟೂ ಬದಲಾಗಿರಲಿಲ್ಲ. ಎರಡು ದಿನಕ್ಕೆ ಹೋದರು.

ಮಣ್ಣಿಗೆ ಹೋಗಿ ಬಂದೆ. ಎಡೆ ಇಡುವ ದಿನ ಅವರ ಮಗಳು ಮನೆಗೇ ಬಂದು ಕರೆದಳು. ಎರಡೆರಡು ಒಬ್ಬಟ್ಟು, ಅಮ್ಮನಿಗೆ ಇಷ್ಟವಾದದ್ದೆಲ್ಲ ಮಾಡಿಸಿದ್ದೇವೆ, ನೀವೇ ಬಡಿಸಬೇಕು ಅಂದಳು. ನಾನು ಹೋಗಲಿಲ್ಲ. ಬೇಡ ಅನ್ನುವವರೇ ಇಲ್ಲದ ಎಲೆಗೆ ಬಡಿಸಲು ನನಗೆ ಬರುವುದಿಲ್ಲ.